ನಡುಮನೆಯಿಂದ ಹುಳುಮನೆಗೆ

ರಾಗಿ, ಅವರೆ, ನೆಲಗಡಲೆ ಬೆಳೆಯುತ್ತಿದ್ದ ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೈತರಿಗೆ ರೇಷ್ಮೆ ಬಹುಕಾಲ ಉಪಕಸುಬು. ಹೊಲದ ಒಂದು ತುಂಡಿನಲ್ಲಿ ಹಿಪ್ಪುನೇರಳೆ, ನಡುಮನೆಯಲ್ಲಿ ಹುಳು ತುಂಬಿದ ಬಿದಿರಿನ ತಟ್ಟೆ. ಒಲೆಯ ಹೊಗೆ, ಮಕ್ಕಳ ಗಲಾಟೆ, ಹುಳು ಮೇಯುವ ಸದ್ದು ಎಲ್ಲ ಒಂದೇ ಸೂರಿನಡಿ. ಸೊಪ್ಪು ಹೆಚ್ಚಿ ಹಾಕುತ್ತಿದ್ದ ಹೆಂಗಸರ ದುಡಿಮೆಗೆ ಲೆಕ್ಕವೇ ಇರಲಿಲ್ಲ.

ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬೇರು ಕೊಟ್ಟ. 1860ರ ದಶಕದಲ್ಲಿ ಹುಳುರೋಗ ಹಾವಳಿಯೆಬ್ಬಿಸಿತು. ಇಟಲಿಯ ಡಿ ವೆಚ್ಚಿ ಜಪಾನಿನ ಮೊಟ್ಟೆ ತರಿಸಿ ನೋಡಿದ. 1930ರ ದಶಕದಲ್ಲಿ ಚೀನಾ, ಜಪಾನಿನ ಅಗ್ಗದ ರೇಷ್ಮೆ ನುಗ್ಗಿ ಬೆಲೆ ಬಿತ್ತು, ಎರಡನೇ ಮಹಾಯುದ್ಧದ ಪ್ಯಾರಾಚೂಟುಗಳಿಂದ ಮತ್ತೆ ಏರಿತು. ಇಂಥ ಬೆಲೆಯನ್ನು ನೆಚ್ಚಿ ರಾಗಿ ಬಿಡುವ ಧೈರ್ಯ ಯಾರಿಗಿದ್ದೀತು?

ಆ ಧೈರ್ಯ ಬಂದದ್ದು ಮೆಲ್ಲಗೆ. 1959ರ ಕಾಯ್ದೆಯ ಬಲದಿಂದ ರೇಷ್ಮೆ ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಗೆ, ಬಹಿರಂಗ ಹರಾಜಿಗೆ ಬಂತು. ಶಿಡ್ಲಘಟ್ಟ ರಾಮನಗರದ ಜೊತೆಗೆ ನಿಲ್ಲುವಂಥ ಗೂಡಿನ ಪೇಟೆಯಾಯಿತು. ಪಟ್ಟಣದ ಬೀದಿಗಳಲ್ಲಿ ಗೂಡಿನಿಂದ ನೂಲು ಬಿಚ್ಚುವ ಚರಕ, ಆಮೇಲೆ ಕಾಟೇಜ್ ಬೇಸಿನ್, ಈಗ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. ಬಿಸಿನೀರಲ್ಲಿ ಕೈಯದ್ದಿ ಎಳೆ ಹುಡುಕಿದ ಕೂಲಿ ಹೆಂಗಸರನ್ನು ಬಿಟ್ಟು ಈ ಬೆಳವಣಿಗೆಯ ಕಥೆ ಹೇಳಬಾರದು.

1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣವೂ ಬಂತು. ಹುಳುವಿನ ಮೈಮೇಲೆ ಅದು ಮೊಟ್ಟೆಯಿಟ್ಟರೆ ಒಳಹೊಕ್ಕ ಮರಿ ಹುಳುವನ್ನೇ ತಿಂದುಬಿಡುತ್ತದೆ. ತಡೆಯಲು ಕಿಟಕಿ, ಬಾಗಿಲಿಗೆಲ್ಲ ನೈಲಾನ್ ಬಲೆ ಬೇಕು. ಮನೆಮಂದಿ ದಿನವಿಡೀ ಓಡಾಡುವ ಕಡೆ ಅದು ಆಗದ ಮಾತು. ಹುಳುವಿಗೆ ಬೇರೆ ಮನೆ ಕಟ್ಟಲು ಇದೂ ಒಂದು ಕಾರಣ. ಎಲೆ ಬಿಡಿಸದೆ ಕಡ್ಡಿ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದಮೇಲೆ ಆಳೂ ಉಳಿಯಿತು, ತಟ್ಟೆಯ ಬದಲು ಅಟ್ಟಣಿಗೆ ಎದ್ದಿತು. ಉಪಕಸುಬು ಪೂರ್ಣಕಾಲದ ಕೆಲಸವಾದದ್ದು ಈ ಹುಳುಮನೆಯ ಗೋಡೆ ಎದ್ದಾಗಲೇ ಎನ್ನಬೇಕು. ಸಾಲ ತಂದು ಕಟ್ಟಿದವರು ಬೆಳೆಯ ಮೇಲೆ ಬೆಳೆ ತೆಗೆಯದೆ ವಿಧಿಯಿಲ್ಲ.

ಒಂದು ಬೆಳೆಯೆಂದರೆ ಸುಮಾರು 25 ದಿನ, ನಾಲ್ಕು ಜ್ವರ. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುವುದನ್ನು ರೈತರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದಮೇಲೆ ಹಸಿವೋ ಹಸಿವು. ಹಗಲು ರಾತ್ರಿ ಸೊಪ್ಪು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಯಾರೂ ಬೇರೆ ಕೆಲಸಕ್ಕೆ ಹೋಗುವುದಿಲ್ಲ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಇದೆಲ್ಲ ನಿಂತಿರುವುದು ಕೊಳವೆಬಾವಿಯ ಮೇಲೆ. ಹನಿ ನೀರಾವರಿಯೂ, ಹಿಪ್ಪುನೇರಳೆಯನ್ನು ಮರವಾಗಿ ಬೆಳೆಸುವ ರೂಢಿಯೂ ಅದಕ್ಕೇ ಬಂದವು. ಕಸುಬೂ ಕವಲೊಡೆದಿದೆ. ಮೊಟ್ಟೆ ಒಡೆಸಿ ಎರಡನೇ ಜ್ವರದವರೆಗೆ ಮರಿ ಸಾಕಿಕೊಡುವ ಚಾಕಿ ಕೇಂದ್ರಗಳು ಹುಟ್ಟಿಕೊಂಡಿವೆ. ಮೊದಲು ಮನೆಯ ಹಿರಿಯ ಹೆಂಗಸರ ಪಾಲಿಗಿದ್ದ ಆ ನಾಜೂಕಿನ ಕೆಲಸ ಈಗ ಕೆಲವರಿಗೆ ವರ್ಷವಿಡೀ ನಡೆಯುವ ಉದ್ಯೋಗ.