ಪ್ಯಾರಿಸಿನ ವಿದ್ಯಾರ್ಥಿಕೂಟ

ನ್ಯಾಯಶಾಸ್ತ್ರವನ್ನು ಅಭ್ಯಸಿಸಲೆಂದು 1831ರಲ್ಲಿ ಲಿಯೋನ್ ನಗರದಿಂದ ಪ್ಯಾರಿಸಿಗೆ ಬಂದ ಹದಿನೆಂಟರ ತರುಣ ಫ್ರೆಡರಿಕ್ ಓಜಾನಾಂನಿಗೆ ಆ ಮಹಾನಗರದಲ್ಲಿ ಮೊದಲು ಎದುರಾದುದು ಏಕಾಕಿತನ. ಕ್ರೈಸ್ತಶ್ರದ್ಧೆಯು ಗತಕಾಲದ ವಸ್ತುವೆಂಬ ಮಾತು ವಿದ್ಯಾಪೀಠಗಳಲ್ಲಿ ನಿರ್ಭೀತವಾಗಿ ಕೇಳಿಬರುತ್ತಿದ್ದ ಕಾಲವದು. ಅವನಿಗೆ ಮನೆಯಲ್ಲಿ ಆಶ್ರಯವಿತ್ತ ಭೌತವಿಜ್ಞಾನಿ ಆಂಪೇರರು ಶ್ರದ್ಧಾವಂತ ಕಥೋಲಿಕರಾಗಿದ್ದುದರಿಂದ, ವಿದ್ವತ್ತೂ ಪ್ರಾರ್ಥನೆಯೂ ಒಂದೇ ಜೀವದಲ್ಲಿ ನೆಲಸಬಲ್ಲವೆಂಬುದನ್ನು ಅವನು ಅಲ್ಲಿ ಪ್ರತ್ಯಕ್ಷವಾಗಿ ಕಂಡನು.

ಕಥೋಲಿಕ ಪತ್ರಿಕಾಸಂಪಾದಕ ಎಮ್ಮಾನ್ಯುಯೆಲ್ ಬಯ್ಯಿಯವರ ಆಶ್ರಯದಲ್ಲಿ ನಡೆಯುತ್ತಿದ್ದ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ, ನಿಮ್ಮ ಧರ್ಮವು ಹಿಂದೆ ಮಾಡಿದುದಿರಲಿ, ಇಂದು ದೀನರಿಗಾಗಿ ನೀವು ಮಾಡುತ್ತಿರುವುದೇನು ಎಂದು ಪ್ರತಿವಾದಿಗಳು ಕೇಳಿದಾಗ, ವಾದದಿಂದ ಸಲ್ಲದ ಉತ್ತರವನ್ನು ಕೃತಿಯಿಂದ ಸಲ್ಲಿಸಬೇಕೆಂದು ನಿಶ್ಚಯಿಸಿ, ಓಜಾನಾಂನೂ ಅವನ ಕೆಲವು ಮಿತ್ರರೂ 1833ರ ಏಪ್ರಿಲ್ 23ರಂದು ಬಯ್ಯಿಯವರ ಅಧ್ಯಕ್ಷತೆಯಲ್ಲಿ ಸೇವಾಸಂಘವೊಂದನ್ನು ಸ್ಥಾಪಿಸಿದರು. ಪ್ಯಾರಿಸಿನ ಮೂಫ್ತಾರ್ ಕೇರಿಯ ಬಡವರನ್ನು ಹೆಸರು ಹಿಡಿದು ಬಲ್ಲ ಸೋದರಿ ರೋಸಲಿಯವರ ಮಾರ್ಗದರ್ಶನದಲ್ಲಿ ಅವರು ದರಿದ್ರರ ಮನೆಗಳಿಗೆ ಸ್ವತಃ ಹೋಗಿ, ಅವರ ಕಷ್ಟಗಳನ್ನು ಕೇಳಿ, ಕೈಲಾದ ನೆರವನ್ನು ನೀಡಿದರು. ಸಂತ ವಿನ್ಸೆಂಟ್ ದ ಪಾಲರ ಹೆಸರನ್ನು ತಳೆದ ಈ ಸಂಘವು ಕ್ರಮೇಣ ಜಗದ್ವ್ಯಾಪಿಯಾಯಿತು.

ಓಜಾನಾಂನು ಮುಂದೆ ಸೋರ್ಬಾನಿನಲ್ಲಿ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕನಾಗಿ, ಡಾಂಟೆಯ ಕೃತಿಗಳ ವ್ಯಾಖ್ಯಾನಕಾರನಾಗಿ ಕೀರ್ತಿಯನ್ನು ಪಡೆದರೂ, 1853ರಲ್ಲಿ ನಲವತ್ತನೆಯ ವಯಸ್ಸಿನಲ್ಲಿ ದಿವಂಗತನಾಗುವವರೆಗೆ ಆ ಸೇವಾದೀಕ್ಷೆಯನ್ನು ತೊರೆಯಲಿಲ್ಲ. 1893ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಕಥೋಲಿಕ ವಿದ್ಯಾರ್ಥಿಗಳು ಕಾರ್ಡಿನಲ್ ನ್ಯೂಮನ್ನರ ನಾಮಧೇಯದಲ್ಲಿ ಸಂಘವನ್ನು ಕಟ್ಟಿಕೊಂಡಾಗಲೂ ಗೃಹದೂರರಾದ ತರುಣರಿಗೆ ಸಹಧರ್ಮಿಗಳ ಒಡನಾಟದ ಇಂಥದೇ ಅಗತ್ಯವು ಪ್ರೇರಣೆಯಾಯಿತು. ವಿದ್ಯಾಲಯವು ಬುದ್ಧಿಯನ್ನು ಹರಿತಗೊಳಿಸುತ್ತದೆ. ಆ ಬುದ್ಧಿಯು ಯಾರಿಗಾಗಿ ದುಡಿಯಬೇಕೆಂಬುದನ್ನು ತರುಣನು ಕಲಿಯುವುದು ಇಂಥ ಸತ್ಸಂಗದಲ್ಲಿಯೇ.