ರಂಗಂಪೇಟೆಯ ತಲೆಕಟ್ಟು, ಫ್ರೆಂಚರ ‘ಎ’

ಫ್ರೆಂಚರು, ಪೋರ್ಚುಗೀಸರು, ಜರ್ಮನ್ನರು ಬಳಸುವ ಕೊಂಬು-ಚುಕ್ಕೆಯ ಅಕ್ಷರಗಳನ್ನು ಮಾಮೂಲಿ ಇಂಗ್ಲಿಷ್ ಕೀಲಿಮಣೆಯಲ್ಲಿ ಕುಟ್ಟುವುದು ಹೇಗೆ? ನಮಗ್ಯಾಕೆ ಆ ಉಸಾಬರಿ ಅನ್ನಬೇಡಿ. ನುಡಿ ಫಾಂಟಿನಲ್ಲಿ ಒಂದೇ ಒಂದು ಪುಟ ಟೈಪ್ ಮಾಡಿದ್ದರೂ ಸಾಕು, ಅಂಥ ನೂರಾರು ಅಕ್ಷರ ನೀವು ಕುಟ್ಟಿದ್ದೀರಿ. ಕಣ್ಣಿಗೆ ಕಂಡಿಲ್ಲ, ಅಷ್ಟೇ.

ಉದಾಹರಣೆಗೆ ಸುರಪುರದ ಮಗ್ಗುಲಿನ ರಂಗಂಪೇಟೆಯನ್ನೇ ತಗೊಳ್ಳೋಣ. ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಗೆ ಈ ಹೆಸರು ಕುಟ್ಟಿದರೆ ತೆರೆಯ ಮೇಲೆ ಮೂಡುವುದು ಅಚ್ಚ ಕನ್ನಡ. ಆದರೆ ಫೈಲಿನೊಳಗೆ ಉಳಿಯುವುದು ಏನು ಗೊತ್ತೇ? ಸಣ್ಣ ಜಿ, ತಲೆ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಬರಿಯ ದೊಡ್ಡ ಎ, ದೊಡ್ಡ ಯು, ಮತ್ತೆ ಓರೆಗೆರೆಯ ಎ, ಮತ್ತೆ ಬರಿಯ ಎ, ಜಪಾನಿನ ಯೆನ್ ಚಿಹ್ನೆ, ಗೆರೆ ಹೊತ್ತ ಇ, ಅಲೆ ಹೊತ್ತ ಎ, ಸಣ್ಣ ಎಂ, ಕೊನೆಗೆ ಇನ್ನೊಮ್ಮೆ ಗೆರೆಯ ಇ. ಒಟ್ಟು 11 ಸಂಕೇತಗಳು!

ಲೆಕ್ಕ ಸರಳ. ನಮ್ಮ ತಲೆಕಟ್ಟು ಅಂದರೆ ಫ್ರೆಂಚರ ಓರೆಗೆರೆಯ ಎ. ಎತ್ವ ಅಂದರೆ ಗೆರೆಯ ಇ. ದೀರ್ಘ ಅಂದರೆ ಪೋರ್ಚುಗೀಸರ ಅಲೆಯ ಎ. ‘ಕನ್ನಡ’ದ ನ-ಒತ್ತು ಜರ್ಮನ್ನರ ಜೋಡಿ ಎಸ್. ‘ಸರ್ಕಾರ’ದ ಅರ್ಕಾವತ್ತು ದೂರದ ಐಸ್‌ಲ್ಯಾಂಡಿನವರ ಒಂದು ಅಕ್ಷರ. ವಿಶ್ವಮಾನವ ಲಿಪಿ ಅಂದರೆ ಇದೇ ಇರಬೇಕು :-)

ಇದು ಹೀಗೇಕಾಯಿತು? 1963ರ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನ. ಅದರಲ್ಲಿ ಕಣ್ಣಿಗೆ ಕಾಣುವವು ನೂರಕ್ಕೂ ಕಡಿಮೆ. ಯುರೋಪಿನವರಿಗೂ ಅದು ಸಾಲದೆ 1987ರಲ್ಲಿ ಲ್ಯಾಟಿನ್-1 ಎಂಬ ಮಾನಕ ಬಂತು. ಮೇಲಿನ ಅರ್ಧದಲ್ಲಿ 96 ಸ್ಥಾನ ಸೇರಿಸಿ ತಮ್ಮ ಅಕ್ಷರಗಳನ್ನು ಕೂರಿಸಿಕೊಂಡರು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಫಾಂಟ್ ಮಾಡುವವರು ಕನ್ನಡ ಅಕ್ಷರಗಳನ್ನು ಬಿಡಿಭಾಗ ಮಾಡಿ (ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ) ಸಿಕ್ಕ ಸಿಕ್ಕ ಮನೆಯಲ್ಲಿ ಬಾಡಿಗೆಗೆ ಇಟ್ಟರು. ಶ್ರೀಲಿಪಿಯ ಜೋಡಣೆ ಒಂದು, ಆಕೃತಿಯದು ಇನ್ನೊಂದು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಒಂದೇ ಜೋಡಣೆ ಊರೂರಿಗೆ ಹಬ್ಬಿತು. ಅದು ದೊಡ್ಡ ಉಪಕಾರವೇ. ಆದರೆ ಮನೆ ಮಾತ್ರ ಬಾಡಿಗೆಯದೇ.

ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದರೆ ಮನೆಯ ಅಸಲಿ ಯಜಮಾನರು ಹೊರಗೆ ಬರುತ್ತಿದ್ದರು. ‘ಈ ಪುಟ ಓದಲು ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ನೆನಪಿದೆಯಲ್ಲ? ಹುಡುಕಲು ಹೋದರೆ ಸಿಗದು, ಅಕಾರಾದಿಗೆ ಜೋಡಿಸಲು ಬಾರದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡವೆಂದೇ ತಿಳಿಯದು.

ಇಲ್ಲೊಂದು ಸ್ವಾರಸ್ಯ. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ರಂಗಂಪೇಟೆಗೆ ಬೇಕಾದದ್ದು ಎಂಟೇ ಏಟು: ಸಣ್ಣ ಆರ್, ದೊಡ್ಡ ಎಂ, ಸಣ್ಣ ಜಿ, ದೊಡ್ಡ ಎಂ, ಸಣ್ಣ ಪಿ, ದೊಡ್ಡ ಇ, ಸಣ್ಣ ಕ್ಯೂ, ಸಣ್ಣ ಇ. ಇಂಗ್ಲಿಷಿನಲ್ಲಿ ‘ತ’ಗೂ ‘ಟ’ಗೂ ಒಂದೇ ಟಿ. ಕನ್ನಡಕ್ಕೆ ಬೇಡವಾದ ಕ್ಯೂ ಕೀಲಿಯನ್ನು ಅವರು ‘ಟ’ಗೆ ಕೊಟ್ಟರು, ಶಿಫ್ಟನ್ನು ಮಹಾಪ್ರಾಣಕ್ಕೆ ಉಳಿಸಿಕೊಂಡರು. ಶೇಷಾದ್ರಿವಾಸು ಅವರ 1998ರ ‘ಬರಹ’ ಬೇರೆ ದಾರಿ ಹಿಡಿಯಿತು. ಸಣ್ಣ ಟಿ ‘ತ’, ದೊಡ್ಡ ಟಿ ‘ಟ’.

ಈಗ ಯುನಿಕೋಡ್ ನೋಡಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ವಿಂಡೋಸ್‌ನಲ್ಲಿ ಅದು ನಮ್ಮ ಕೈಗೆ ಸಿಕ್ಕಿದ್ದು 2001ರಲ್ಲಿ ಎಕ್ಸ್‌ಪಿ, ತುಂಗಾ ಫಾಂಟಿನ ಜೊತೆ. ಅದರಲ್ಲಿ ರಂಗಂಪೇಟೆ ಎಂದರೆ ರ, ಸೊನ್ನೆ, ಗ, ಸೊನ್ನೆ, ಪ, ಏತ್ವ, ಟ, ಎತ್ವ. ಎಂಟೇ ಸಂಕೇತ! ಬೆರಳು ಕುಟ್ಟಿದ್ದೂ ಎಂಟು, ಈಗ ಉಳಿಯುವುದೂ ಎಂಟು. ನಡುವಿನ ಆ 11 ಬರೀ ಸುತ್ತುದಾರಿ. ಬೆರಳಿಗೆ ಮೊದಲೇ ಗೊತ್ತಿದ್ದ ಕನ್ನಡ ಫೈಲಿಗೆ ಗೊತ್ತಾಗಲು ಇಷ್ಟು ಕಾಲ ಹಿಡಿಯಿತು.

ಆದರೆ ಆ ಸುತ್ತುದಾರಿಯಲ್ಲಿ ಒಂದು ಕಾಲದ ಕನ್ನಡವೇ ನಿಂತುಬಿಟ್ಟಿದೆ. ಸಣ್ಣ ಊರುಗಳ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಸಾಹಿತ್ಯ ಸಂಘದ ವರದಿ, ಯಾರೋ ಕಷ್ಟಪಟ್ಟು ಬರೆದ ಊರಿನ ಇತಿಹಾಸ... ಎಲ್ಲವೂ ಹಳೇ ಸೀಡಿಗಳಲ್ಲಿ ಓರೆಗೆರೆಯ ಎ ಆಗಿ ಕೂತಿವೆ. ಪರಿವರ್ತಕಗಳು ಇವೆ, ನಿಜ. ಆದರೆ ಹಳೇ ಫೈಲಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು. ಅದನ್ನು ಹಿಂದುಮುಂದು ಮಾಡಬೇಕು. ಇನ್ನೂ ದೊಡ್ಡ ತೊಡಕು ನಡುನಡುವೆ ಇಂಗ್ಲಿಷ್ ಇದ್ದಾಗ. ಯಾವ ಸಾಲಿಗೆ ಯಾವ ಫಾಂಟ್ ಎಂಬ ಗುರುತು ಒಮ್ಮೆ ಅಳಿಸಿಹೋದರೆ, ದೊಡ್ಡ ಎ ಇಂಗ್ಲಿಷಿನದೋ ನಮ್ಮ ಸೊನ್ನೆಯೋ ಎಂದು ಯಂತ್ರ ಹೇಗೆ ಹೇಳೀತು?

ಹಾಗಾಗಿ ಗೆಳೆಯರೇ, ಹಳೇ ಫೈಲ್ ಇದ್ದರೆ ಬರೀ ಅಕ್ಷರಗಳನ್ನು ನೋಟ್‌ಪ್ಯಾಡಿಗೆ ಸುರಿಯಬೇಡಿ. ಮೂಲ ಫೈಲು ಮತ್ತು ಅದರ ಫಾಂಟು ಎರಡನ್ನೂ ಜೊತೆಗಿಡಿ, ಪರಿವರ್ತಿಸಿದ ಮೇಲೆ ಮುದ್ರಿತ ಪ್ರತಿಯ ಜೊತೆ ಒಮ್ಮೆ ಓದಿ ನೋಡಿ. ನಿಮ್ಮೂರಿನ ಯಾವ ಪುಸ್ತಕ ಹೀಗೆ ಸೀಡಿಯಲ್ಲಿ ಕೂತಿದೆ? ಕಾಮೆಂಟಿನಲ್ಲಿ ತಿಳಿಸಿ.