ಕಿಟ್ ವಿಮಾನಕ್ಕೆ ಮನೆಯ ವರ್ಕ್‌ಶಾಪ್: ಮೊದಲು ಕೋಣೆ, ಆಮೇಲೆ ಕಿಟ್

ರಾಯದುರ್ಗ, ಮಡಕಶಿರ ಭಾಗದ ನಮ್ಮವರಲ್ಲಿ ಐಟಿಐ ಓದಿದವರು, ಲೇತ್ ಕೆಲಸ, ವೆಲ್ಡಿಂಗ್ ಬಲ್ಲವರು ಬೇಕಾದಷ್ಟಿದ್ದಾರೆ. ಬಿಡಿಭಾಗಗಳ ಕಿಟ್ ತರಿಸಿ ಸಣ್ಣ ವಿಮಾನವನ್ನು ಮನೆಯಲ್ಲೇ ಕಟ್ಟಬಹುದೇ? ಕಟ್ಟಬಹುದು. ಆದರೆ ರೆಕ್ಕೆಯೊಳಗೆ ಮುಚ್ಚಿಹೋದ ಕೆಟ್ಟ ರಿವೆಟ್ ಆಗಲಿ, ಸರಿಯಾಗಿ ಗಟ್ಟಿಯಾಗದ ಅಂಟಾಗಲಿ ಹೊರಗೆ ಕಾಣುವುದಿಲ್ಲ. ಮೇಲೆ ಹೋದಮೇಲೆ ಅದು ಕೈಕೊಟ್ಟರೆ ಹೋಗುವುದು ಪ್ರಾಣ. ಇಂಥ ದೋಷಕ್ಕೆ ಎಡೆಕೊಡುವುದು ಎಷ್ಟೋ ಸಲ ಕೆಲಸದ ಕೋಣೆಯೇ: ಮಂದ ಬೆಳಕು, ಧೂಳು, ಸೆಕೆ, ಓರೆಯಾದ ಮೇಜು. ಆದ್ದರಿಂದ ಕಿಟ್‌ಗೆ ಹಣ ಕಟ್ಟುವ ಮುನ್ನ ಕೋಣೆ ಸಿದ್ಧವಾಗಲಿ ಎನ್ನುತ್ತೇವೆ.

ನಮ್ಮ ಸುತ್ತಲಿನ ಉದಾಹರಣೆ

ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ಲಾಂಗ್-ಈಜಿ ಎಂಬ ವಿಮಾನ ರೂಪಿಸಿದರು. ಅದನ್ನು ಆಧರಿಸಿ 1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿ ರುಸ್ತುಂ ದಮಾನಿಯಾ ಅವರ ತಂಡ ಎಲ್‌ಸಿಆರ್‌ಎ ಎಂಬ ಹಗುರ ವಿಮಾನ ಕಟ್ಟಿತು. ಡಿಆರ್‌ಡಿಒ ಸಂಸ್ಥೆಯ ರುಸ್ತುಂ-1 ಡ್ರೋನ್‌ಗೆ ಮೂಲ ಅದೇ. ಬೆಂಗಳೂರಿನ ರಾಜ್ ಹಂಸ ಸಂಸ್ಥೆಯ ಎಕ್ಸ್-ಏರ್ ಕಿಟ್‌ಗಳು ಹೊರದೇಶಗಳಿಗೂ ಹೋಗಿವೆ.

ಜಾಗ ಮತ್ತು ಬಾಗಿಲು

ಎರಡು ಆಸನದ ವಿಮಾನದ ರೆಕ್ಕೆಗಳ ಹರವು ಸುಮಾರು 8ರಿಂದ 10 ಮೀಟರ್. ಎಡ, ಬಲ ರೆಕ್ಕೆಗಳನ್ನು ಬೇರೆಬೇರೆಯಾಗಿ ಕಟ್ಟುವ ಕಿಟ್ ಆದರೆ 25 ಅಡಿ ಉದ್ದ, 20 ಅಡಿ ಅಗಲದ ಶೆಡ್ ಸಾಕಾಗುತ್ತದೆ. ಕೊನೆಯ ಜೋಡಣೆ ವಿಮಾನ ಹಾರುವ ಮೈದಾನದಲ್ಲೇ ಆಗಬೇಕು. ಹಾಗಾಗಿ ಅತಿ ಅಗಲದ ಭಾಗವನ್ನು ಕೈಪಿಡಿಯಲ್ಲಿ ನೋಡಿ, ಬಾಗಿಲು, ಓಣಿ, ಲಾರಿ ನಿಲ್ಲುವ ಜಾಗ ಮೂರನ್ನೂ ಅಳೆಯಿರಿ.

ಸೆಕೆ, ತೇವ, ಧೂಳು

ಲಾಂಗ್-ಈಜಿ ಬಗೆಯಲ್ಲಿ ಫೋಮ್ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಸವರುತ್ತಾರೆ. ಎಪಾಕ್ಸಿಗೆ ಸುಮಾರು 20ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಕಲಸಿದ ಬಟ್ಟಲಿನಲ್ಲೇ ಅದು ಗಟ್ಟಿಯಾಗಿಬಿಡುತ್ತದೆ. ಮಡಕಶಿರದ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಮನೆಯಲ್ಲಿ ಶಾಖ, ತೇವಾಂಶ ನೋಡಿಕೊಂಡಂತೆಯೇ ಇಲ್ಲಿಯೂ ನೋಡಬೇಕು. ವ್ಯತ್ಯಾಸ ಒಂದೇ: ಹುಳುವಿಗೆ ತೇವ ಬೇಕು, ಎಪಾಕ್ಸಿಗೆ ಬೇಡ. ತಗಡಿನ ಶೆಡ್ ಆದರೆ ಚಾವಣಿಯ ಕೆಳಗೆ ಶಾಖ ತಡೆಯುವ ಹೊದಿಕೆ ಹಾಕಿಸಿ. ಗೋಡೆಗೆ ಥರ್ಮಾಮೀಟರ್ ಇರಲಿ.

ಅಲ್ಯೂಮಿನಿಯಂ ಹಾಳೆಯ ಕಿಟ್ ಸೆಕೆಗೆ ಇಷ್ಟು ನಾಜೂಕಲ್ಲ. ಅಲ್ಲಿ ಭಯ ಗೀರಿನದು. ಗೀರು ಬಿದ್ದ ಕಡೆಯಿಂದಲೇ ಬಿರುಕು ಶುರುವಾಗಬಹುದು. ಗ್ರೈಂಡರ್, ವೆಲ್ಡಿಂಗ್ ಕೆಲಸವನ್ನು ಅದೇ ಕೋಣೆಯಲ್ಲಿ ಮಾಡಬೇಡಿ. ಕಬ್ಬಿಣದ ಪುಡಿ ಅಲ್ಯೂಮಿನಿಯಂ ಮೇಲೆ ಕೂತರೆ ಕೊರೆತಕ್ಕೆ ದಾರಿ.

ಮೇಜು, ಬೆಳಕು, ಉಪಕರಣ

ಮೇಜಿನ ಮೇಲ್ಮೈ ಎಲ್ಲಿಯೂ ತಿರುಚಿರಬಾರದು. ರಸಮಟ್ಟ, ಬಿಗಿದ ದಾರ ಎರಡರಿಂದಲೂ ಪರೀಕ್ಷಿಸಿ. ಮೇಜು ತಿರುಚಿದ್ದರೆ ರೆಕ್ಕೆಯೂ ತಿರುಚುತ್ತದೆ; ತಿರುಚಿದ ರೆಕ್ಕೆಯ ವಿಮಾನ ಒಂದು ಕಡೆಗೇ ವಾಲುತ್ತದೆ. ನೆರಳು ಬೀಳದಂತೆ ಎರಡು ಬದಿಯಿಂದ ಎಲ್‌ಇಡಿ ದೀಪ ಬೇಕು. ಡ್ರಿಲ್, ರಂಧ್ರದ ಅಂಚಿನ ಮುಳ್ಳು ತೆಗೆಯುವ ಉಪಕರಣ, ರಿವೆಟ್ ಗನ್, ಕಂಪ್ರೆಸರ್, ಟಾರ್ಕ್ ರೆಂಚ್ ಮೊದಲು ಕೊಳ್ಳಿ. ವೈರಿಂಗ್‌ಗೆ ಅರ್ಥಿಂಗ್ ಕಡ್ಡಾಯ. ಬೆಂಕಿ ನಂದಿಸುವ ಸಿಲಿಂಡರ್ ಬಾಗಿಲ ಬಳಿಯೇ ಇರಲಿ. ಎಪಾಕ್ಸಿ ಮುಟ್ಟುವಾಗ ಕೈಗವಸು ಬಿಡಬೇಡಿ. ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಆ ಕೆಲಸಕ್ಕೆ ಕೈಹಾಕುವುದೇ ಕಷ್ಟ.

ದಾಖಲೆ ಮತ್ತು ಅನುಮತಿ

ಮುಂಬೈನ ತಾರಸಿಯ ಮೇಲೆ ಕ್ಯಾಪ್ಟನ್ ಅಮೋಲ್ ಯಾದವ್ ಕಟ್ಟಿದ ವಿಮಾನ 2016ರಲ್ಲಿ ಪ್ರದರ್ಶನಕ್ಕೆ ಬಂತು. ಡಿಜಿಸಿಎ ನೋಂದಣಿ ಸಿಕ್ಕಿದ್ದು 2017ರಲ್ಲಿ. ಹಾರಾಟದ ಪರವಾನಗಿ ಅದಕ್ಕೂ ಆಚಿನ ಮೆಟ್ಟಿಲು. ಆದ್ದರಿಂದ ಈಗಿನ ನಿಯಮಗಳನ್ನು ಡಿಜಿಸಿಎ ಕಚೇರಿಯಲ್ಲೇ ವಿಚಾರಿಸಿ, ಆಮೇಲೆ ಕಿಟ್ ಆಯ್ದುಕೊಳ್ಳಿ.

ಮೊದಲ ದಿನದಿಂದಲೇ ದಿನಚರಿ ಪುಸ್ತಕ ಇಡಿ: ದಿನಾಂಕ, ಬಿಡಿಭಾಗದ ಸಂಖ್ಯೆ, ಅಂದಿನ ಶಾಖ, ಮುಚ್ಚುವ ಮುನ್ನ ತೆಗೆದ ಫೋಟೊ. ಪ್ರತಿ ಎಪಾಕ್ಸಿ ಕಲಬೆರಕೆಯಿಂದ ಒಂದು ಚೂರನ್ನು ತಾರೀಖು ಬರೆದು ಎತ್ತಿಡಿ. ಅದು ಗಟ್ಟಿಯಾಗದಿದ್ದರೆ ಅಂದು ಮಾಡಿದ ಭಾಗ ಎಷ್ಟೇ ಚೆನ್ನಾಗಿ ಕಂಡರೂ ವಿಮಾನಕ್ಕೆ ಹಾಕಬೇಡಿ.